ಕುಂದಿದ ಕಿವಿಗೆ ಹೆಡ್‌ಫೋನಿನ ಕಛೇರಿ

ಕಿವಿ ಭಾಗಶಃ ಮಂದವಾದವರು ಹೆಡ್‌ಫೋನಿನಲ್ಲಿ ಸಂಗೀತ ಕೇಳಲು ಕುಳಿತಾಗ ಮೊದಲು ಮಾಡುವ ಕೆಲಸ ಧ್ವನಿಯನ್ನು ಏರಿಸುವುದು. ಆದರೆ ಏರಿಸಿದಷ್ಟೂ ಮೃದಂಗದ ಎಡಭಾಗದ ಗುಮ್ಮೆನ್ನುವ ನಾದ ತಲೆ ತುಂಬುತ್ತದೆಯೇ ಹೊರತು ಪಿಟೀಲಿನ ಹೊಳಪಾಗಲಿ ಸಾಹಿತ್ಯದ ಸಕಾರ ಶಕಾರಗಳಾಗಲಿ ಮರಳಿ ಬರುವುದಿಲ್ಲ. ಕಾರಣ ಒಳಗಿವಿಯ ರಚನೆಯಲ್ಲಿದೆ. ಕಾಕ್ಲಿಯ ಎಂಬ ಶಂಖದಾಕಾರದ ಸುರುಳಿಯಲ್ಲಿ ಸಾಲುಗಟ್ಟಿರುವ ರೋಮಕೋಶಗಳ ಪೈಕಿ ಬುಡದವು ತಾರದ ನಾದಗಳಿಗೂ ತುದಿಯವು ತಗ್ಗಿನ ನಾದಗಳಿಗೂ ಸ್ಪಂದಿಸುತ್ತವೆ. ವಯಸ್ಸಿನಿಂದಲೋ ಗದ್ದಲದಿಂದಲೋ ಕಿವಿ ಕುಂದುವಾಗ ಸಾಮಾನ್ಯವಾಗಿ ಮೊದಲು ಸೊರಗುವವು ಬುಡದ ಕಡೆಯ ಕೋಶಗಳು, ಮತ್ತು ಸತ್ತ ಕೋಶ ಮನುಷ್ಯರಲ್ಲಿ ಪುನಃ ಹುಟ್ಟುವುದಿಲ್ಲ. ಇದರ ಜೊತೆಗೆ ಶ್ರವಣತಜ್ಞರು ರಿಕ್ರೂಟ್‌ಮೆಂಟ್ ಎನ್ನುವ ತೊಡಕೊಂದಿದೆ: ಸಣ್ಣ ಸದ್ದು ಕೇಳಿಸದಿದ್ದರೂ ದೊಡ್ಡ ಸದ್ದು ಎಂದಿನಷ್ಟೇ ದೊಡ್ಡದಾಗಿ ಕೇಳಿಸುವುದರಿಂದ, ಕೇಳಿಸದಿರುವುದಕ್ಕೂ ಸಹಿಸಲಾಗದಿರುವುದಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಆಲಾಪನೆಯ ನವಿರು ಎಳೆಗಳಿಗೆಂದು ಏರಿಸಿಟ್ಟ ಧ್ವನಿ ತನಿ ಆವರ್ತನದ ಹೊತ್ತಿಗೆ ಹಿಂಸೆಯಾಗುವುದು ಹೀಗೆ.

ಆದ್ದರಿಂದ ದುಬಾರಿ ಹೆಡ್‌ಫೋನಿಗಿಂತ ಮೊದಲು ಬೇಕಾದದ್ದು ಆಡಿಯೊಗ್ರಾಮ್, ಅಂದರೆ ಸಾಮಾನ್ಯವಾಗಿ 250ರಿಂದ 8000 ಹರ್ಟ್ಜ್‌ವರೆಗಿನ ಒಂದೊಂದು ಆವರ್ತನದಲ್ಲೂ ಎಷ್ಟು ಡೆಸಿಬೆಲ್ ಸದ್ದಿದ್ದರೆ ಕೇಳಿಸುತ್ತದೆ ಎಂಬುದನ್ನು ಬಲಗಿವಿಗೆ ಕೆಂಪು ವೃತ್ತ, ಎಡಗಿವಿಗೆ ನೀಲಿ ಕತ್ತರಿ ಗುರುತು ಹಾಕಿ ತೋರಿಸುವ ನಕ್ಷೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಪರೀಕ್ಷೆ ನಿತ್ಯದ ಕೆಲಸ. ನಕ್ಷೆ ಕೈಯಲ್ಲಿದ್ದರೆ ಈಕ್ವಲೈಜರಿನಲ್ಲಿ, ಅಂದರೆ ಬೇರೆಬೇರೆ ಆವರ್ತನಗಳನ್ನು ಬೇರೆಬೇರೆಯಾಗಿ ಏರಿಳಿಸುವ ಸಲಕರಣೆಯಲ್ಲಿ, ಊಹೆಯ ಮೇಲೆ ಕೈಯಾಡಿಸಬೇಕಾಗಿಲ್ಲ. 2020ರಿಂದ ಐಫೋನ್ ಕೆಲವು ಹೆಡ್‌ಫೋನುಗಳಿಗೆ ಈ ನಕ್ಷೆಯನ್ನೇ ಓದಿಕೊಂಡು ಧ್ವನಿಯನ್ನು ಹೊಂದಿಸಿಕೊಡುತ್ತದೆ. ಆದರೆ ನಲವತ್ತು ಡೆಸಿಬೆಲ್ ಕೊರತೆಗೆ ನಲವತ್ತನ್ನೂ ತುಂಬಿಕೊಡುವುದು ಸಲ್ಲದು. ಸುಮಾರು ಅರ್ಧ ತುಂಬಿದರೆ ಸಾಕೆಂಬುದು ಶ್ರವಣಸಾಧನಗಳ ಹಳೆಯ ಸೂತ್ರ, ಸಂಗೀತಕ್ಕೆ ಅದೂ ಒಮ್ಮೊಮ್ಮೆ ಹೆಚ್ಚಾಗುತ್ತದೆ. ತಂಬೂರಿಯನ್ನೇ ಗಮನಿಸಬಹುದು. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲಿನೆಳೆಯಿಂದ ಹುಟ್ಟುವ ಉಪಸ್ವರಗಳ ಝೇಂಕಾರ ಮೂಲ ಷಡ್ಜಕ್ಕಿಂತ ಬಹಳ ಮೇಲಿರುವುದರಿಂದ ಕುಂದಿದ ಕಿವಿಗೆ ತಂಬೂರಿ ಬರೀ ಮಂಕಾದ ಗುಂಯ್ಗುಡುವಿಕೆ. 2000ದಿಂದ 3000 ಹರ್ಟ್ಜ್ ಆಸುಪಾಸಿನಲ್ಲಿ ಕೆಲವೇ ಡೆಸಿಬೆಲ್ ಏರಿಸಿದಾಗ ತಂತಿಗೆ ಜೀವ ಬಂದಂತಾಗುವುದುಂಟು, ಆದರೆ ಆಸೆಯಿಂದ ಇನ್ನೂ ಮೇಲಕ್ಕೆ ಹೋಗಿ 6000ವನ್ನೂ ಏರಿಸಿದರೆ ಬರುವುದು ಕರಕರ ಸದ್ದು ಮಾತ್ರ, ಏಕೆಂದರೆ ಕೋಶಗಳೇ ಅಳಿದುಹೋದ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಅದು ಸ್ವರವಾಗಿ ಕೇಳಿಸುವುದಿಲ್ಲ.

ಒಂದು ಕಿವಿ ಮಾತ್ರ ಕೆಟ್ಟವರ ಪಾಡು ಬೇರೆ. ಸ್ಟೀರಿಯೊ ಧ್ವನಿಮುದ್ರಣದಲ್ಲಿ ಪಿಟೀಲನ್ನು ಒಂದು ಪಕ್ಕಕ್ಕೂ ಮೃದಂಗವನ್ನು ಇನ್ನೊಂದು ಪಕ್ಕಕ್ಕೂ ಸರಿಸಿದ್ದರೆ ಪಕ್ಕವಾದ್ಯದವರಲ್ಲಿ ಒಬ್ಬರು ಕಛೇರಿಗೇ ಬಂದಿಲ್ಲವೆಂಬಂತೆ ಆಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೊ ಆಯ್ದುಕೊಂಡರೆ ಎರಡೂ ಪಕ್ಕಗಳು ಬೆರೆತು ಎರಡು ಕಿವಿಗೂ ಒಂದೇ ಧ್ವನಿ ಸಿಗುತ್ತದೆ. ಸ್ಟೀರಿಯೊದ ವೈಶಾಲ್ಯವನ್ನು ಹೊಗಳುವ ರಸಿಕರು ಇದನ್ನು ಅಪಚಾರವೆಂದಾರು, ಆದರೆ ಹಳೆಯ 78 ಆರ್‌ಪಿಎಂ ತಟ್ಟೆಗಳ ಸಂಗೀತವೆಲ್ಲ ಮೋನೊ ಆಗಿಯೇ ಇತ್ತೆಂಬುದನ್ನು ಅವರು ಮರೆಯಬಾರದು.

ಶ್ರವಣಸಾಧನ ಧರಿಸಿಯೇ ಅದರ ಮೇಲೆ ಹೆಡ್‌ಫೋನ್ ಹಾಕುವವರಿಗೆ ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಬಟ್ಟಲಿನದೇ ಆಗಬೇಕು, ಇಲ್ಲವಾದರೆ ಸಾಧನ ಸಿಳ್ಳೆ ಹೊಡೆಯುತ್ತದೆ. ಆ ಸಿಳ್ಳೆಯನ್ನು ಅಡಗಿಸಲೆಂದೇ ಇರುವ ವ್ಯವಸ್ಥೆ ಕೊಳಲಿನ ದೀರ್ಘ ಸ್ವರವನ್ನೂ ಸಿಳ್ಳೆಯೆಂದೇ ಬಗೆದು ಕಲಕಿಬಿಡುವುದರಿಂದ, ಸಂಗೀತಕ್ಕೆಂದೇ ಪ್ರತ್ಯೇಕ ಪ್ರೋಗ್ರಾಂ ಹಾಕಿಕೊಡುವಂತೆ ತಜ್ಞರನ್ನು ಕೇಳಿಕೊಳ್ಳುವುದು ಲೇಸು.

ಉಳಿದಿರುವ ಶ್ರವಣವನ್ನು ಉಳಿಸಿಕೊಳ್ಳುವ ಲೆಕ್ಕ ಸರಳವಾಗಿದೆ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ, ಪ್ರತಿ ಮೂರು ಡೆಸಿಬೆಲ್ ಏರಿಕೆಗೂ ಅವಧಿ ಅರ್ಧಕ್ಕಿಳಿಯುತ್ತದೆ. ಹೊರಗಿನ ಗದ್ದಲವನ್ನು ತಡೆಯುವ ಹೆಡ್‌ಫೋನಿನ ನಿಜವಾದ ಲಾಭ ಇಲ್ಲಿದೆ: ಗದ್ದಲವನ್ನು ಮೀರಿಸಲೆಂದು ಧ್ವನಿ ಏರಿಸಬೇಕಾಗುವುದಿಲ್ಲ.

ಯಾವ ಗುಂಡಿಗೂ ಬಗ್ಗದ ಸಮಸ್ಯೆಯೆಂದರೆ ಡಿಪ್ಲಾಕ್ಯುಸಿಸ್, ಅಂದರೆ ಒಂದೇ ಸ್ವರ ಎರಡು ಕಿವಿಗಳಿಗೆ ಎರಡು ಶ್ರುತಿಗಳಲ್ಲಿ ಕೇಳಿಸುವುದು. ಸಭಾಂಗಣದಲ್ಲಿ ಎರಡೂ ಕಿವಿಗೆ ಎಲ್ಲ ಸದ್ದೂ ಬೆರೆತೇ ಬರುವುದರಿಂದ ಗಮನಕ್ಕೆ ಬಾರದೇ ಹೋಗಬಹುದಾದ ಇದು ಹೆಡ್‌ಫೋನಿನಲ್ಲಿ ಎದ್ದು ಕಾಣುತ್ತದೆ, ಮತ್ತು ಕೇಳುಗರು ಪಾಪ ಗಾಯಕರ ಶ್ರುತಿಶುದ್ಧಿಯನ್ನೇ ಶಂಕಿಸುತ್ತಾರೆ. ಒಂದೊಂದೇ ಕಿವಿಯಲ್ಲಿ ಅದೇ ಪಂಚಮವನ್ನು ಕೇಳಿ ನೋಡಿದರೆ ದೋಷ ಎಲ್ಲಿಯದೆಂದು ತಿಳಿಯುತ್ತದೆ. ಹಾಗಿದ್ದಲ್ಲಿ ಕೆಟ್ಟ ಕಿವಿಯ ಪಾಲನ್ನು ಬ್ಯಾಲೆನ್ಸ್‌ನಲ್ಲಿ ತಗ್ಗಿಸಿ, ಶ್ರುತಿಯ ತೀರ್ಮಾನವನ್ನು ಒಳ್ಳೆಯ ಕಿವಿಗೆ ಬಿಟ್ಟುಕೊಡಬೇಕಾಗುತ್ತದೆ.