ಪೌರತ್ವ ಇರುವವರು ಮುಂದೆ ನಿಲ್ಲಬೇಕು

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಒಂದು ಹಳೆಯ ಕಟ್ಟುಪಾಡನ್ನು ತೆಗೆದುಹಾಕಿತು. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಕಾರ್ಯಾಚರಣೆ ನಡೆಸಬಾರದು ಎನ್ನುತ್ತಿದ್ದ ನಿಯಮವದು. ಇದನ್ನು ಪ್ರಶ್ನಿಸಿ ಕ್ವೇಕರ್ ಪಂಥದ ಸಭೆಗಳು ಹೂಡಿದ ದಾವೆಗೆ ಸ್ಯಾಕ್ರಮೆಂಟೊದ ಗುರುದ್ವಾರವೂ ಸೇರಿಕೊಂಡಿತು. ಫೆಬ್ರುವರಿಯಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಆ ರಕ್ಷಣೆ ಅನ್ವಯಿಸಿದ್ದು ದಾವೆ ಹೂಡಿದವರ ಪೂಜಾಸ್ಥಳಗಳಿಗೆ ಮಾತ್ರ. ಕೋರ್ಟಿಗೆ ಹೋಗದ ದೇವಸ್ಥಾನಗಳಿಗೆ ಅದರಿಂದ ಏನೂ ಸಿಗಲಿಲ್ಲ.

ಅಮೆರಿಕದ ಕನ್ನಡ ಕೂಟಗಳು ಈ ಪ್ರಕರಣವನ್ನು ಗಮನಿಸಬೇಕು. "ನಮ್ಮದು ಸಾಂಸ್ಕೃತಿಕ ಸಂಘ, ನಮಗೇಕೆ ಈ ಉಸಾಬರಿ" ಎಂಬ ಮಾತು ಬಂದೇ ಬರುತ್ತದೆ. ಕೂಟ 501(ಸಿ)(3) ಅಡಿ ತೆರಿಗೆ ವಿನಾಯಿತಿ ಪಡೆದಿದ್ದರೆ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ವಿರೋಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಆದರೆ ಸದಸ್ಯರಿಗೆ ಕಾನೂನು ಶಿಬಿರ ನಡೆಸಬಹುದು, ವಕೀಲರನ್ನು ಕರೆಸಬಹುದು, ಕರಪತ್ರ ಹಂಚಬಹುದು, ಕೋರ್ಟಿಗೆ ಹೋಗಬಹುದು. ಒಂದು ಮಿತಿಯೊಳಗೆ, ಶಾಸನ ಬದಲಿಸಿ ಎಂದು ಜನಪ್ರತಿನಿಧಿಗಳನ್ನು ಒತ್ತಾಯಿಸಲೂ ಬಹುದು.

ಈ ಕೆಲಸಕ್ಕೆ ಕೂಟದೊಳಗೆ ಒಂದು ಗುಂಪು ಕಟ್ಟುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಯಾರ ಬಳಿ ಯಾವ ಕಾಗದವಿದೆ ಎಂಬುದು. ಅಮೆರಿಕದಲ್ಲಿ ನೆಲೆಸಿರುವ ವಿದೇಶಿಯರಿಗೂ ವಾಕ್ ಸ್ವಾತಂತ್ರ್ಯ ಉಂಟೆಂದು ಸುಪ್ರೀಂ ಕೋರ್ಟ್ 1945ರಲ್ಲೇ ಹೇಳಿದೆ. ಹಾಗಿದ್ದೂ ಪ್ರತಿಭಟನೆ, ಬರಹಗಳ ಕಾರಣಕ್ಕೆ ವಿದ್ಯಾರ್ಥಿಗಳ ವೀಸಾ ರದ್ದಾದದ್ದನ್ನು 2025ರಲ್ಲಿ ಕಂಡೆವು. ಆದ್ದರಿಂದ ಬೀದಿಯಲ್ಲಿ ನಿಂತು ವಲಸೆ ಅಧಿಕಾರಿಗಳನ್ನು ಚಿತ್ರೀಕರಿಸುವುದು, ಸಾಕ್ಷಿ ಹೇಳುವುದು, ಸಭೆಯಲ್ಲಿ ಮೈಕಿನ ಮುಂದೆ ಮಾತನಾಡುವುದು ಪೌರತ್ವ ಪಡೆದವರ ಪಾಲಿಗಿರಲಿ. ಎಚ್-1ಬಿ ಉದ್ಯೋಗಿ ಅಥವಾ ವಿದ್ಯಾರ್ಥಿ ವಕೀಲರನ್ನು ಕೇಳಿಯೇ ಮುಂದುವರಿಯಲಿ. ಗುಂಪು ನಡೆಸುವ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಮಾತನಾಡುವವರೂ ಅನುವಾದಿಸುವವರೂ ಬೇಕು. ಇಪ್ಪತ್ತು ವರ್ಷ ಆ ದೇಶದಲ್ಲಿದ್ದು ಪೌರತ್ವದ ಪ್ರಮಾಣವಚನ ತೆಗೆದುಕೊಂಡ ನಮ್ಮ ಹಿರಿಯರು ಪಕ್ಕದ ಮನೆಯ ವಿದ್ಯಾರ್ಥಿಯನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲಬಾರದು.

ಬೀದಿಯಲ್ಲಿ ಏನು ಸಲ್ಲುತ್ತದೆ, ಏನು ಸಲ್ಲದು ಎಂಬ ಗೆರೆ ಸ್ಪಷ್ಟವಾಗಿರಲಿ. ಸಾರ್ವಜನಿಕ ಸ್ಥಳದಲ್ಲಿ ಕರ್ತವ್ಯದಲ್ಲಿರುವ ಅಧಿಕಾರಿಯನ್ನು ಚಿತ್ರೀಕರಿಸುವುದು ಹಕ್ಕು. ಬಾಸ್ಟನ್ ಕಾಮನ್ ಪಾರ್ಕಿನಲ್ಲಿ ಪೊಲೀಸರು ಒಬ್ಬನನ್ನು ಬಂಧಿಸುವುದನ್ನು ಮೊಬೈಲಿನಲ್ಲಿ ಸೆರೆಹಿಡಿದ ವಕೀಲರೊಬ್ಬರ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಹೀಗೆಂದು ತೀರ್ಪಿತ್ತಿತು. ಬೇರೆ ಹಲವು ಮೇಲ್ಮನವಿ ನ್ಯಾಯಾಲಯಗಳೂ ಅದನ್ನೇ ಹೇಳಿವೆ. ಆದರೆ ಅಧಿಕಾರಿಯನ್ನು ಮುಟ್ಟುವುದು, ವಾಹನ ಅಡ್ಡ ಹಾಕುವುದು, ಅವರು ಹುಡುಕುತ್ತಿರುವವರನ್ನು ಬಚ್ಚಿಡುವುದು, ಸುಳ್ಳು ಹೇಳುವುದು ಫೆಡರಲ್ ಅಪರಾಧಗಳಾಗುತ್ತವೆ. ಹಿಂದೆ ಸರಿಯಿರಿ ಎಂದರೆ ಸರಿಯಿರಿ, ಕ್ಯಾಮೆರಾ ಮಾತ್ರ ನಿಲ್ಲಿಸಬೇಡಿ. ವಾಟ್ಸ್ಯಾಪ್‌ನಲ್ಲಿ ವಲಸೆ ಜಾರಿ ಸಂಸ್ಥೆಯಾದ ಐಸ್ ಬಗ್ಗೆ "ಐಸ್ ಬಂದಿದೆಯಂತೆ" ಎಂದು ಹರಿಬಿಡುವುದು ಸಹಾಯವಲ್ಲ, ಭಯವನ್ನಷ್ಟೇ ಹಂಚುತ್ತದೆ. ಎಷ್ಟು ಜನ, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಸಮವಸ್ತ್ರ, ಯಾವ ವಾಹನ, ಏನು ಮಾಡುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡವರು ತಿಳಿಸಲಿ.

ಊರಿನಿಂದ ಮಗ-ಸೊಸೆಯ ಮನೆಗೆ ಬಂದಿರುವ ಅಪ್ಪ-ಅಮ್ಮಂದಿರ ಬಗ್ಗೆ ವಿಶೇಷವಾಗಿ ಹೇಳಬೇಕು. ಹಗಲಿಡೀ ಮನೆಯಲ್ಲಿರುವವರು ಅವರೇ, ಬಾಗಿಲು ತಟ್ಟಿದರೆ ತೆರೆದು "ಬನ್ನಿ" ಎನ್ನುವುದು ಅವರ ಅಭ್ಯಾಸ. ಬಾಗಿಲು ತೆರೆಯದೆಯೇ ಮಾತನಾಡಬಹುದೆಂದು ಅವರಿಗೆ ಹೇಳಿಕೊಡಿ. ನ್ಯಾಯಾಧೀಶರ ಸಹಿಯಿರುವ ವಾರಂಟ್ ಇದ್ದರೆ ಕಿಟಕಿಗೆ ಹಿಡಿದು ತೋರಿಸಲು ಅಥವಾ ಬಾಗಿಲ ಕೆಳಗೆ ತೂರಿಸಲು ಕೇಳಬಹುದು. ಐ-200, ಐ-205 ಎಂಬ ವಲಸೆ ವಾರಂಟ್ ನಮೂನೆಗಳಲ್ಲಿ ಇರುವುದು ವಲಸೆ ಇಲಾಖೆಯ ಅಧಿಕಾರಿಯದೇ ಸಹಿ. ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರಲು ಅಂಥ ಕಾಗದ ಸಾಲದು ಎಂಬುದು ಸಂವಿಧಾನದ ನಾಲ್ಕನೇ ತಿದ್ದುಪಡಿಯ ಬಗ್ಗೆ ನ್ಯಾಯಾಲಯಗಳ ಬಹುಕಾಲದ ನಿಲುವು. ಬಲವಂತದಿಂದ ನುಗ್ಗಿದರೆ ಅಡ್ಡ ನಿಲ್ಲಬಾರದು. "ಐ ಡು ನಾಟ್ ಕನ್ಸೆಂಟ್" ಎಂಬ ನಾಲ್ಕು ಮಾತನ್ನು ಅವರು ಬಾಯಿಪಾಠ ಮಾಡಿರಲಿ; ಮುಂದೆ ಕೋರ್ಟಿನಲ್ಲಿ ಅದು ಬೆಲೆಬಾಳುತ್ತದೆ. ಹದಿನೆಂಟು ತುಂಬಿದ ವಿದೇಶಿಯರು ಗ್ರೀನ್ ಕಾರ್ಡ್ ಅಥವಾ ದೇಶ ಪ್ರವೇಶದ ದಾಖಲೆಯಾದ ಐ-94ರಂಥ ನೋಂದಣಿ ಪುರಾವೆಯನ್ನು ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮವೂ ಇದೆ.

ಯಾರನ್ನಾದರೂ ಹಿಡಿದೊಯ್ದರೆ ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ. ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಬಂಧಿತರು ಆ ಹೊತ್ತಿಗೆ ಎಲ್ಲಿದ್ದಾರೋ ಅಲ್ಲಿನ ನ್ಯಾಯಾಲಯದಲ್ಲೇ ಸಲ್ಲಿಸಬೇಕಾಗುತ್ತದೆ. ಲೂಸಿಯಾನಾಕ್ಕೋ ಟೆಕ್ಸಾಸ್‌ಗೋ ವರ್ಗಾಯಿಸಿದ ಮೇಲೆ ನೀವಿರುವ ಊರಿನ ವಕೀಲರ ಕೈಗೆ ಅದು ಎಟುಕುವುದಿಲ್ಲ. ವಲಸೆ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ, ನಾವೇ ಗೊತ್ತುಮಾಡಬೇಕು. ಹಾಗಾಗಿ ಒಬ್ಬ ವಕೀಲರ ಜೊತೆ ಮೊದಲೇ ಮಾತಾಡಿಟ್ಟಿರುವುದು ಗುಂಪಿನ ದೊಡ್ಡ ಆಸ್ತಿ. ಒಂಬತ್ತು ಅಂಕಿಯ ಎ-ನಂಬರ್ (ವಿದೇಶಿ ನೋಂದಣಿ ಸಂಖ್ಯೆ), ಹುಟ್ಟಿದ ದೇಶ, ಔಷಧಿಗಳ ವಿವರ, ಮಕ್ಕಳನ್ನು ಶಾಲೆಯಿಂದ ಕರೆತರಲು ಅಧಿಕಾರವಿರುವವರ ಹೆಸರು, ಇಷ್ಟನ್ನು ಪ್ರತಿ ಕುಟುಂಬವೂ ನಂಬಿಕಸ್ಥರ ಬಳಿ ಬರೆದಿಡಲಿ. ಎ-ನಂಬರ್ ಮತ್ತು ಹುಟ್ಟಿದ ದೇಶ ಗೊತ್ತಿದ್ದರೆ ಐಸ್‌ನ ಆನ್‌ಲೈನ್ ಹುಡುಕಾಟದಲ್ಲಿ ಬಂಧಿತರು ಎಲ್ಲಿದ್ದಾರೆಂದು ನೋಡಬಹುದು. 1963ರ ವಿಯೆನ್ನಾ ಒಪ್ಪಂದದಂತೆ ಭಾರತೀಯ ಕಾನ್ಸುಲೇಟ್ ಸಂಪರ್ಕ ಕೇಳುವುದೂ ಹಕ್ಕು. ಆಶ್ರಯ ಕೋರಿದವರು ಮಾತ್ರ ವಕೀಲರ ಸಲಹೆಯಿಲ್ಲದೆ ಅದನ್ನು ಕೇಳಬಾರದು.

ಅಧಿಕಾರಿಗಳಿಂದ ದೌರ್ಜನ್ಯ ನಡೆದಿದ್ದರೆ ಪರಿಹಾರಕ್ಕೆ ಎಸ್‌ಎಫ್-95 ನಮೂನೆಯಲ್ಲಿ ಎರಡು ವರ್ಷದೊಳಗೆ ಅವರ ಇಲಾಖೆಗೆ ಅರ್ಜಿ ಹಾಕಬೇಕು. ಆರು ತಿಂಗಳಲ್ಲಿ ಇತ್ಯರ್ಥವಾಗದಿದ್ದರೆ ದಾವೆ ಹೂಡಬಹುದು. ಅಧಿಕಾರಿಯ ಮೇಲೆಯೇ ವೈಯಕ್ತಿಕವಾಗಿ ಪರಿಹಾರದ ದಾವೆ ಹೂಡುವ ದಾರಿಯನ್ನು ಸುಪ್ರೀಂ ಕೋರ್ಟಿನ 2022ರ ಎಗ್ಬರ್ಟ್ ತೀರ್ಪು ಬಹುಪಾಲು ಮುಚ್ಚಿಬಿಟ್ಟಿದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇಷ್ಟಾದರೂ ನಾಗರಿಕರ ಒತ್ತಡಕ್ಕೆ ಹೆಚ್ಚು ಬೆಲೆ ಇರುವುದು ವಾಷಿಂಗ್ಟನ್‌ನಲ್ಲಲ್ಲ, ಸ್ಥಳೀಯ ಆಡಳಿತವಾದ ಕೌಂಟಿಯಲ್ಲಿ. ಫೆಡರಲ್ ಸರ್ಕಾರ ಸ್ಥಳೀಯ ಪೊಲೀಸರನ್ನು ತನ್ನ ಕೆಲಸಕ್ಕೆ ಬಲವಂತವಾಗಿ ಹಚ್ಚುವಂತಿಲ್ಲವೆಂದು ಸುಪ್ರೀಂ ಕೋರ್ಟಿನ 1997ರ ಪ್ರಿಂಟ್ಜ್ ತೀರ್ಪು ಹೇಳುತ್ತದೆ. 287(ಜಿ) ಒಪ್ಪಂದಕ್ಕೆ ಸಹಿ ಹಾಕಿ ತಮ್ಮ ಸಿಬ್ಬಂದಿಗೆ ವಲಸೆ ಕಾನೂನು ಜಾರಿಯ ಅಧಿಕಾರ ಪಡೆಯುವ, ಕೌಂಟಿ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳು ಹೆಚ್ಚಿನ ಕಡೆ ಜನರ ಮತದಿಂದ ಗೆದ್ದವರು. ಟೆಕ್ಸಾಸ್, ಫ್ಲೋರಿಡಾಗಳಂತೆ ರಾಜ್ಯದ ಕಾನೂನೇ ಸಹಕಾರವನ್ನು ಕಡ್ಡಾಯ ಮಾಡಿರುವ ಕಡೆ ಒತ್ತಡ ರಾಜ್ಯದ ಶಾಸಕರ ಮೇಲೆ ಬೀಳಬೇಕು. ಉಳಿದೆಡೆ ಕೂಟದ ನಾಲ್ಕೈದು ಮತದಾರರು ಕೌಂಟಿ ಮಂಡಳಿಯ ಮುಂದಿನ ಸಭೆಗೆ ಹೋಗಿ, ಸಾರ್ವಜನಿಕರಿಗೆ ಮೀಸಲಾದ ವೇಳೆಯಲ್ಲಿ ಎರಡು ವಿಷಯ ಕೇಳಲಿ: ನಮ್ಮ ಶೆರಿಫ್ ಆ ಒಪ್ಪಂದಕ್ಕೆ ಸಹಿ ಹಾಕಿದ್ದಾರೆಯೇ? ಜೈಲಿನಿಂದ ಬಿಡಬೇಕಾದವರನ್ನು ಐಸ್ ಕೇಳಿತೆಂದು ನ್ಯಾಯಾಧೀಶರ ಆದೇಶವಿಲ್ಲದೆ ಹಿಡಿದಿಡುತ್ತಿದ್ದಾರೆಯೇ?