ರೊಟ್ಟಿಯ ಹಂಚಿನ ಬಳಿ ಒಂದು ಪಾಠ

ಕಳೆದ ಮಳೆಗಾಲದ ಒಂದು ಭಾನುವಾರ, ಎಂಟು ಮಂದಿ ವಿದ್ಯಾರ್ಥಿಗಳೊಡನೆ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ನೋಡಿಕೊಂಡು ಅರೇಹಳ್ಳಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ ಮೀರಿತ್ತು. ಅರೇಹಳ್ಳಿ ಬೇಲೂರು ತಾಲ್ಲೂಕಿನಲ್ಲಿ ಕಾಫಿ ತೋಟಗಳ ನಡುವೆ ಇರುವ ಊರು. ಅಲ್ಲಿ ಒಂದೇ ಮನೆಯವರು ನಡೆಸುವ ಸಣ್ಣ ಹೋಟೆಲೊಂದನ್ನು ಹೊಕ್ಕೆವು. ಇದ್ದುದು ನಾಲ್ಕೇ ಮೇಜು. ಯಜಮಾನರು ಬಡಿಸುತ್ತಿದ್ದರು, ಅವರ ಪತ್ನಿ ರೊಟ್ಟಿ ತಟ್ಟುತ್ತಿದ್ದರು, ವೃದ್ಧೆಯಾದ ತಾಯಿ ಒಲೆಯ ಮುಂದೆ ಕುಳಿತು ಬೇಯಿಸುತ್ತಿದ್ದರು. ಬಿಸಿ ಅಕ್ಕಿರೊಟ್ಟಿ, ಕೆಂಪು ಮೆಣಸಿನಕಾಯಿ ಚಟ್ನಿ, ಬದನೆಕಾಯಿ ಪಲ್ಯ, ಕೊನೆಯಲ್ಲಿ ಕಾಫಿ — ಇಷ್ಟೇ ಅಲ್ಲಿಯ ಊಟ. ಅಂದು ನನಗೆ ದೊರೆತ ಪಾಠ ಮಾತ್ರ ಇದಕ್ಕಿಂತ ದೊಡ್ಡದು.

ಅಜ್ಜಿ ಕುದಿಯುವ ನೀರಿಗೆ ಹಿಟ್ಟು ಸುರಿದು, ಚೆನ್ನಾಗಿ ತೊಳಸಿ, ಮುಚ್ಚಿಟ್ಟು, ಆಮೇಲೆ ನಾದುತ್ತಿದ್ದರು. ಭೌತಶಾಸ್ತ್ರದ ಉಪಾಧ್ಯಾಯನಿಗೆ ಸೌದೆಯ ಲೆಕ್ಕ ಹೊಳೆಯದೆ ಇದ್ದೀತೆ? “ಅಮ್ಮ, ಹೇಗೂ ಹಂಚಿನ ಮೇಲೆ ಬೇಯುತ್ತದೆಯಲ್ಲ, ತಣ್ಣೀರಿನಲ್ಲೇ ಕಲಸಬಾರದೇಕೆ?” ಎಂದೆ. “ಕಲಸಿ ನೋಡಿ ಮೇಷ್ಟ್ರೇ” ಎಂದು ಅವರು ಒಂದು ಹಿಡಿ ಹಿಟ್ಟನ್ನು ನನ್ನ ಮುಂದಿಟ್ಟರು. ಕಲಸಿದೆ, ತಟ್ಟಿದೆ. ಅಂಚು ಒಡೆಯಿತು, ನಡುವೆ ಸೀಳಿತು, ಎತ್ತುವಾಗ ಮೂರು ತುಂಡಾಗಿ ಕೈಯಿಂದ ಜಾರಿತು. ವಿದ್ಯಾರ್ಥಿಗಳು ನಕ್ಕರು. “ಹಿಂದಿನಿಂದ ಹೀಗೇ ಮಾಡಿಕೊಂಡು ಬಂದಿದೀವಿ” ಎಂದಷ್ಟೇ ಹೇಳಿ ಅಜ್ಜಿ ತಮ್ಮ ಕೆಲಸ ಮುಂದುವರಿಸಿದರು.

ರೊಟ್ಟಿ ಒಡೆದುದೇಕೆ? ಗೋಧಿ ಹಿಟ್ಟಿಗೆ ನೀರು ಸೇರಿಸಿ ನಾದಿದಾಗ ಅದರಲ್ಲಿರುವ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲೂಟೆನ್ ಎಂಬ ಹಿಗ್ಗುವ ಬಲೆಯಾಗುತ್ತವೆ. ಹಿಟ್ಟನ್ನು ಹಿಡಿದಿಡುವುದು ಈ ಬಲೆಯೇ. ಅಕ್ಕಿ, ಜೋಳ, ರಾಗಿ, ಮೆಕ್ಕೆಜೋಳಗಳಲ್ಲಿ ಇಂಥ ಬಲೆ ಉಂಟಾಗುವುದಿಲ್ಲ. ಆದುದರಿಂದ ಬೇರೊಂದು ಅಂಟು ಬೇಕು. ಅದು ಪಿಷ್ಟದಿಂದ ದೊರೆಯುತ್ತದೆ. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಮರಳಿನ ಕಣಗಳಂತೆ ಬೇರೆಬೇರೆಯಾಗಿಯೇ ಉಳಿಯುತ್ತವೆ. ಉಷ್ಣತೆ ಸುಮಾರು ೬೫ರಿಂದ ೭೫ ಸೆಂಟಿಗ್ರೇಡ್ ಡಿಗ್ರಿಗೆ ಏರಿದಾಗ ನೀರನ್ನು ಹೀರಿ ಉಬ್ಬಿ, ತಮ್ಮ ಹಳೆಯ ರಚನೆಯನ್ನು ಕಳೆದುಕೊಂಡು ಅಂಟಾಗುತ್ತವೆ. ಬಟ್ಟೆಗೆ ಹಾಕುವ ಗಂಜಿ ಅಂಟುವುದೂ ಇದೇ ಕಾರಣದಿಂದ. ಸಮುದ್ರಮಟ್ಟದಿಂದ ೧೦೦೦ ಮೀಟರ್ ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಬದಲಾಗಿ ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದರೂ ಈ ಕಾರ್ಯಕ್ಕೆ ಆ ಶಾಖ ಧಾರಾಳವಾಗಿ ಸಾಕು.

ಇನ್ನು ರೊಟ್ಟಿ ಉಬ್ಬುವುದನ್ನು ನೋಡೋಣ. ಹಂಚಿನ ಮೇಲೆ ರೊಟ್ಟಿಯ ಎರಡು ಮೈಗಳೂ ಒಣಗಿ ತೆಳುವಾದ ಪೊರೆಯಾಗುತ್ತವೆ. ಒಳಗೆ ತೇವ ಉಳಿದಿರುತ್ತದೆ. ಕೆಂಡದ ಮೇಲಿಟ್ಟೊಡನೆ ಆ ತೇವ ಆವಿಯಾಗುತ್ತದೆ. ನೀರು ಆವಿಯಾದಾಗ ೧೬೦೦ ಪಟ್ಟಿಗೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಪೊರೆ ಬಿರುಕಿಲ್ಲದೆ ಕೂಡಿಕೊಂಡಿದ್ದರೆ ಆವಿ ಹೊರಬೀಳಲಾರದೆ ರೊಟ್ಟಿಯನ್ನು ಬುಗ್ಗೆಯಂತೆ ಎತ್ತುತ್ತದೆ. ನಾನು ತಟ್ಟಿದ ರೊಟ್ಟಿಯಲ್ಲಿ ಬಿರುಕುಗಳೇ ಹೆಚ್ಚಾಗಿದ್ದುದರಿಂದ ಅದು ಉಬ್ಬುವ ಮಾತೇ ಇರಲಿಲ್ಲ.

ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಬೆಳಿಗ್ಗೆ ಕೇಳಿದ್ದ ಪ್ರಶ್ನೆಯನ್ನು ನೆನಪಿಸಿದ. ದೇವಾಲಯದ ಶಿಲ್ಪವೊಂದರ ಕೈಯಲ್ಲಿ ಸಾಲುಸಾಲು ಮುತ್ತು ಪೋಣಿಸಿದಂತಿದ್ದ ವಸ್ತುವನ್ನು ತೋರಿಸಿ, “ಇದು ಮೆಕ್ಕೆಜೋಳದ ತೆನೆಯಲ್ಲವೆ ಸಾರ್?” ಎಂದಿದ್ದ. ಪ್ರಶ್ನೆ ಹೊಸದಲ್ಲ. ಸೋಮನಾಥಪುರ ಮೊದಲಾದ ಹೊಯ್ಸಳ ದೇವಾಲಯಗಳಲ್ಲಿರುವ ಇಂಥ ಆಕೃತಿಗಳು ಮೆಕ್ಕೆಜೋಳದ ತೆನೆಗಳೇ ಎಂದು ಅಮೆರಿಕದ ಭೂಗೋಳ ತಜ್ಞ ಕಾರ್ಲ್ ಜೊಹಾನ್ಸೆನ್ ೧೯೮೯ರಲ್ಲಿ ಪಾರ್ಕರ್ ಎಂಬುವರೊಡನೆ ಪ್ರತಿಪಾದಿಸಿದರು. ಇದು ನಿಜವಾದರೆ, ಕೊಲಂಬಸ್ ೧೪೯೨ರಲ್ಲಿ ಅಮೆರಿಕವನ್ನು ತಲುಪುವ ಮೊದಲೇ ಆ ಬೆಳೆ ನಮ್ಮಲ್ಲಿತ್ತೆಂದಾಗುತ್ತದೆ! ಭಾರತದ ತಜ್ಞರಾದ ಪಾಯಕ್ ಮತ್ತು ಸಚನ್ ಇದನ್ನು ಒಪ್ಪಲಿಲ್ಲ. ಅದು ಮುತ್ತುಗಳಿಂದಾದ ಕಾಲ್ಪನಿಕ ಫಲ, ‘ಮುಕ್ತಾಫಲ’, ಎಂದು ವಾದಿಸಿದರು. ಕಲ್ಲಿನಲ್ಲಿ ಕಾಣುವ ಹೋಲಿಕೆಯೊಂದನ್ನೇ ನಂಬಿ ಬೆಳೆಯ ಇತಿಹಾಸವನ್ನು ತಿದ್ದಲಾಗದು.

ಮೆಕ್ಕೆಜೋಳದ ತವರು ಮೆಕ್ಸಿಕೋ ಎಂಬುದರಲ್ಲಿ ಸಂದೇಹವಿಲ್ಲ. ಅಲ್ಲಿಯ ಜನ ಸುಮಾರು ೯೦೦೦ ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಈ ಧಾನ್ಯವನ್ನು ಪಡೆದರು. ನಮ್ಮ ಎಲೆಯ ಮೇಲಿದ್ದ ಮೆಣಸಿನಕಾಯಿಯೂ ಆ ನಾಡಿನಿಂದ ಬಂದದ್ದೇ. ಅರೇಹಳ್ಳಿಯ ಈ ಹೋಟೆಲಿನಂತೆ ಒಂದೇ ಕುಟುಂಬದವರು ಅಡಿಗೆ ಮಾಡಿ ಬಡಿಸುವ ಸಣ್ಣ ಊಟದ ಮನೆಗಳು ಅಲ್ಲಿಯೂ ಉಂಟು. ಅವುಗಳಿಗೆ ‘ಫೊಂಡಾ’ ಎನ್ನುವರು. ಅಲ್ಲಿಯ ಊಟದ ಆಧಾರ ‘ಟೊರ್ಟಿಯಾ’ ಎಂಬ ಮೆಕ್ಕೆಜೋಳದ ತೆಳುರೊಟ್ಟಿ. ಅದನ್ನು ಬೇಯಿಸುವ ಹಂಚು ‘ಕೊಮಾಲ್’. ಅಕ್ಕಿರೊಟ್ಟಿಯನ್ನು ಕಂಡವರಿಗೆ ಇದು ಪರಕೀಯವೆನಿಸದು.

ಆದರೆ ಅಲ್ಲಿಯ ಹಿಟ್ಟು ಸಿದ್ಧವಾಗುವ ರೀತಿಯೇ ಬೇರೆ. ಒಣ ಕಾಳುಗಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಮರುದಿನ ತೊಳೆದು ರುಬ್ಬುತ್ತಾರೆ. ನೂರು ಭಾಗ ಕಾಳಿಗೆ ಸುಮಾರು ಒಂದು ಭಾಗ ಸುಣ್ಣ ಸಾಕು. ಸುಣ್ಣದ ಕ್ಷಾರಗುಣದಿಂದ ಕಾಳಿನ ಗಟ್ಟಿ ಸಿಪ್ಪೆ ಸಡಿಲಿ ಕಳಚುತ್ತದೆ; ಹಿಟ್ಟು ಕೂಡಿಕೊಳ್ಳುತ್ತದೆ; ಆಹಾರಕ್ಕೆ ಕ್ಯಾಲ್ಸಿಯಂ ಸೇರುತ್ತದೆ. ಇವಲ್ಲದೆ, ಕಣ್ಣಿಗೆ ಕಾಣದ ಇನ್ನೊಂದು ಪ್ರಯೋಜನವೂ ಉಂಟು. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವವು ಬಹುಮಟ್ಟಿಗೆ ಬೇರೆ ಪದಾರ್ಥಗಳಿಗೆ ಬಂಧಿತವಾಗಿರುವುದರಿಂದ ದೇಹಕ್ಕೆ ದಕ್ಕುವುದಿಲ್ಲ. ಸುಣ್ಣದ ನೀರು ಆ ಬಂಧನವನ್ನು ಬಿಡಿಸುತ್ತದೆ.

ಸ್ಪೇನಿನವರು ಕಾಳನ್ನು ಯೂರೋಪಿಗೆ ಒಯ್ದರು. ಸುಣ್ಣದ ಪದ್ಧತಿಯನ್ನು ಒಯ್ಯಲಿಲ್ಲ. ಕಾಳು ಗಿರಣಿಯಲ್ಲಿಯೇ ನುಣ್ಣಗೆ ಹಿಟ್ಟಾಗುವಾಗ ಸುಣ್ಣವೇಕೆ? ಇದು ಅಜ್ಜಿಯ ಮುಂದೆ ನಾನು ಎತ್ತಿದ ಪ್ರಶ್ನೆಯಂಥದೇ. ನನ್ನ ತಪ್ಪಿಗೆ ತೆತ್ತ ಬೆಲೆ ಒಂದು ರೊಟ್ಟಿ. ಅವರ ತಪ್ಪಿಗೆ ತೆತ್ತ ಬೆಲೆ ಅಸಂಖ್ಯ ಜೀವಗಳು. ಮೆಕ್ಕೆಜೋಳವನ್ನೇ ನಂಬಿದ ಬಡವರಲ್ಲಿ ಚರ್ಮ ಒರಟಾಗಿ ಕಪ್ಪಾಗುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಮರಣ — ಹೀಗೊಂದು ರೋಗ ತಲೆದೋರಿತು. ೧೭೩೫ರಲ್ಲಿ ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ ಇದನ್ನು ವರ್ಣಿಸಿದನು. ೧೭೭೧ರಲ್ಲಿ ಇಟಲಿಯ ಫ್ರಪೋಲಿ ‘ಪೆಲ್ಲಾಗ್ರ’ ಎಂಬ ಹೆಸರಿನಿಂದ ಕರೆದನು. ಇದು ಅಂಟುರೋಗವೆಂದೇ ಬಹುಮಂದಿ ನಂಬಿದ್ದರು. ೧೯೧೪ರಿಂದ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಇದನ್ನು ಪರಿಶೀಲಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಆಹಾರದ ಕೊರತೆಯೇ ಕಾರಣವೆಂದು ತೋರಿಸಿದರು. ಆ ಕೊರತೆ ನಯಾಸಿನ್ನಿನದೆಂದು ತಿಳಿದುದು ೧೯೩೭ರಲ್ಲಿ, ಎಲ್ವೆಯೆಮ್ ಅವರ ಸಂಶೋಧನೆಯಿಂದ.

ನಮ್ಮ ದಖ್ಖನ್ ಪ್ರದೇಶದಲ್ಲಿ ಜೋಳವನ್ನೇ ಹೆಚ್ಚಾಗಿ ಉಣ್ಣುತ್ತಿದ್ದ ಬಡವರಲ್ಲಿಯೂ ಈ ರೋಗ ಕಾಣಿಸಿಕೊಂಡಿತ್ತು. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದು ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯ ೧೯೬೦ರಲ್ಲಿ ಸೂಚಿಸಿದರು. ಇದರಿಂದ ರೊಟ್ಟಿಪ್ರಿಯರು ಅಂಜಬೇಕಾಗಿಲ್ಲ. ಬೇಳೆ, ಕಡಲೆಕಾಯಿ, ಹಾಲು, ಸೊಪ್ಪುಗಳೊಡನೆ ಉಣ್ಣುವವರಿಗೆ ಈ ಕೊರತೆಯ ಭಯವಿಲ್ಲ. ಬಡತನದಿಂದ ಒಂದೇ ಧಾನ್ಯಕ್ಕೆ ಕಟ್ಟುಬಿದ್ದವರಿಗೆ ಮಾತ್ರ ಅದು ಮೃತ್ಯುವಾಗಿತ್ತು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅಜ್ಜಿಯ ಬಿಸಿನೀರು ಹಿಟ್ಟನ್ನು ಕೂಡಿಸಬಲ್ಲದು. ಸುಣ್ಣದಂತೆ ನಯಾಸಿನ್ನನ್ನು ಬಿಡಿಸಲಾರದು. ಬಿಸಿನೀರಿನ ಫಲ ಒಂದು ನಿಮಿಷದಲ್ಲಿ ಕೈಗೇ ತಿಳಿಯುತ್ತದೆ. ಸುಣ್ಣದ ಈ ಫಲ ತಿಳಿಯಲು ಶತಮಾನಗಳು ಬೇಕಾದವು. ಹಳೆಯ ಪದ್ಧತಿಗಳೆಲ್ಲವೂ ಸರಿಯೆಂದು ಇದರಿಂದ ಭಾವಿಸಬೇಕಾಗಿಲ್ಲ. ಆದರೆ ಕಾರಣ ನಮಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಕಾರಣವೇ ಇಲ್ಲವೆಂದು ತೀರ್ಮಾನಿಸುವುದು ವಿಜ್ಞಾನದ ಮಾರ್ಗವಲ್ಲ. ಕೈಬಿಡುವ ಮೊದಲು ಪರೀಕ್ಷಿಸಬೇಕು.

ವಾಚಕರೂ ಮನೆಯಲ್ಲಿ ಒಂದು ಹಿಡಿ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿಯೂ ಇನ್ನೊಂದು ಹಿಡಿಯನ್ನು ಕುದಿಯುವ ನೀರಿನಲ್ಲಿಯೂ ಕಲಸಿ, ತಟ್ಟಿ, ಬೇಯಿಸಿ ನೋಡಬಹುದು. ಬಳಿಕ ಅಡಿಗೆಮನೆಯ ಹಿರಿಯರನ್ನು ಅವರ ಇತರ ಪದ್ಧತಿಗಳ ವಿಷಯವಾಗಿ ಕೇಳಬಹುದು. “ಹಿಂದಿನಿಂದ ಹೀಗೇ” ಎಂಬ ಉತ್ತರ ಬಂದರೆ ನಿರಾಶರಾಗಬಾರದು; ನಮ್ಮ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.