ನಮಗೇನು ಬೇಕು, ನಾವೇ ಹೇಳೋಣ



ಮನೆಗೆ ನೆಂಟರು ಬಂದರೆ ನಾವು ಏನು ಮಾಡ್ತೀವಿ? "ಮುದ್ದೆ ಬೇಕಾ, ಅನ್ನ ಬೇಕಾ?" ಅಂತ ಕೇಳಿ ಬಡಿಸ್ತೀವಿ. ಊರಿಗೆ ಸಹಾಯ ಮಾಡಲು ಬರುವವರೂ ಹೀಗೆ ಕೇಳಬೇಕು. ಕೆಲವರು ಕೇಳ್ತಾರೆ. ಕೆಲವರು ಕೇಳೋದಿಲ್ಲ.

ಸಹಾಯದ ಹಣ ಹೇಗೆ ಬರುತ್ತದೆ? ಹಣ ಕೊಡುವವರು ಬೇರೆ. ಊರಲ್ಲಿ ಕೆಲಸ ಮಾಡುವ ಸಂಸ್ಥೆ ಬೇರೆ. ಸಂಸ್ಥೆ ಮೊದಲು ಒಂದು ಯೋಜನೆ ಬರೆಯುತ್ತದೆ. ಅದನ್ನು ನೋಡಿ ಹಣ ಕೊಡುತ್ತಾರೆ. ಇದೇ ಅನುದಾನ. ಯಾವ ಕೆಲಸಕ್ಕೆ ಕೊಟ್ಟರೋ ಅದೇ ಕೆಲಸಕ್ಕೆ ಖರ್ಚು ಮಾಡಬೇಕು. ಲೆಕ್ಕ ಒಪ್ಪಿಸಬೇಕು.

ಆದರೆ ಊರಿನ ಕಷ್ಟ ಒಂದೇ ತರಹ ಇರುತ್ತದೆಯೇ? ಹೋದ ವರ್ಷ ಬಾವಿ ಬೇಕಿತ್ತು. ಈ ವರ್ಷ ಬಿತ್ತನೆ ಬೀಜಕ್ಕೆ ದುಡ್ಡಿಲ್ಲ. ಕಷ್ಟ ಬದಲಾದರೆ ಸಹಾಯವೂ ಬದಲಾಗಬೇಕು. ಹೀಗೆ ಬದಲಾದ ಒಂದು ಸಂಸ್ಥೆಯ ಕಥೆ ಓದೋಣ.

ಮೈರಾಡ ನಮ್ಮ ರಾಜ್ಯದ ಸಂಸ್ಥೆ. 1968ರಲ್ಲಿ ಶುರುವಾಯಿತು. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಒದಗಿಸುವುದು ಅದರ ಮೊದಲ ಕೆಲಸ. ಅವರು ನೆಲೆ ನಿಂತರು. ಆಮೇಲೆ, 1980ರ ದಶಕದಲ್ಲಿ, ಸಂಸ್ಥೆ ಹಳ್ಳಿಯ ಬಡವರ ಕಡೆ ತಿರುಗಿತು.

ಆಗ ಮೈರಾಡ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡುತ್ತಿತ್ತು. ಸಂಘದಲ್ಲಿ ಜನ ಬಹಳ. ಆದರೆ ಸದಸ್ಯರಿಗೆ ಮುಖಂಡರ ಮೇಲೆ ನಂಬಿಕೆ ಇರಲಿಲ್ಲ. 1984–85ರ ಹೊತ್ತಿಗೆ ಕೆಲವು ಸಂಘಗಳು ಒಡೆದವು. ಸದಸ್ಯರು ಸುಮ್ಮನೆ ಕೂರಲಿಲ್ಲ. ಸಂಸ್ಥೆಯವರ ಹತ್ತಿರ ಬಂದು ಮಾತಾಡಿದರು. ಸಾಲ ತೀರಿಸ್ತೀವಿ, ಆದರೆ ಸಂಘಕ್ಕಲ್ಲ, ನಿಮಗೇ ಕಟ್ತೀವಿ ಎಂದರು.

ಸಂಸ್ಥೆ ಹಣ ವಾಪಸು ತೆಗೆದುಕೊಳ್ಳಲಿಲ್ಲ. ಒಬ್ಬರನ್ನೊಬ್ಬರು ನಂಬುವವರು ಚಿಕ್ಕ ಗುಂಪಾಗಿ ಸೇರಿ, ಆ ಹಣವನ್ನು ತಾವೇ ನಡೆಸಲಿ ಎಂದಿತು. ಜನ ಉಳಿತಾಯ ಮಾಡಿದರು. ತಮ್ಮೊಳಗೇ ಸಾಲ ಕೊಟ್ಟುಕೊಂಡರು. ಸಾಲ ಯಾರಿಗೆ, ಯಾತಕ್ಕೆ ಎಂಬುದನ್ನು ಗುಂಪೇ ತೀರ್ಮಾನಿಸಿತು.

ಹಣ ಕೊಡುವವರೂ ಬದಲಾದರು. ನಬಾರ್ಡ್ ಎಂಬುದು ಹಳ್ಳಿ ಮತ್ತು ಬೇಸಾಯಕ್ಕಾಗಿ ಇರುವ ರಾಷ್ಟ್ರೀಯ ಬ್ಯಾಂಕು. 1987ರಲ್ಲಿ ಅದು ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಗುಂಪುಗಳು ಉಳಿಸಿದ ಹಣಕ್ಕೆ ಜೊತೆ ಹಣ ಸೇರಿಸಲು ಈ ಅನುದಾನ. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಇಂದು ಊರೂರಲ್ಲಿ ಸ್ವಸಹಾಯ ಸಂಘಗಳಿವೆ. ಅವುಗಳ ಬೇರು ಇಂಥ ಪ್ರಯೋಗಗಳಲ್ಲಿದೆ.

ಇದೆಲ್ಲ ಶುರುವಾದದ್ದು ಎಲ್ಲಿಂದ? ಜನ ಬಾಯಿ ಬಿಟ್ಟು ಹೇಳಿದ್ದರಿಂದ. ಸಂಸ್ಥೆ ಕಿವಿಗೊಟ್ಟು ಕೇಳಿದ್ದರಿಂದ. ಎರಡೂ ಬೇಕು.

"ಕೊಡೋರು ದೊಡ್ಡೋರು. ಕೊಟ್ಟಿದ್ದು ತಗೋಬೇಕು, ನಾವೇನು ಹೇಳೋದು?" ಅಂತ ನಮಗೆ ಅನಿಸಬಹುದು. ಆದರೆ ಬೇಡದ ಹೊಲಿಗೆ ಯಂತ್ರ ಮೂಲೆಯಲ್ಲಿ ತುಕ್ಕು ಹಿಡಿದರೆ ನಷ್ಟ ಯಾರಿಗೆ? ನಮಗೇ. ಆದ್ದರಿಂದ ಹೀಗೆ ಮಾಡೋಣ:

1. ಯೋಜನೆ ಬರೆಯುವ ಮೊದಲೇ ನಮ್ಮನ್ನು ಕೇಳಿ ಅನ್ನೋಣ.

2. ಸಭೆ ಸೇರಿ, ಈಗ ಯಾವುದು ಮೊದಲು ಬೇಕು ಅಂತ ತೀರ್ಮಾನಿಸೋಣ. ವಿಧವೆಯರು, ಕೂಲಿಗೆ ಹೋಗುವವರು, ವಯಸ್ಸಾದವರು ಎಲ್ಲರೂ ಮಾತಾಡಲಿ.

3. ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ರುಜು ಹಾಕೋಣ. ಒಂದು ನಕಲು ಸಂಸ್ಥೆಗೆ ಕೊಡೋಣ. ಬಾಯಿಮಾತು ಮರೆತುಹೋಗಬಹುದು. ಬರಹ ಉಳಿಯುತ್ತದೆ.

4. ಕಷ್ಟ ಬದಲಾದರೆ ಮತ್ತೆ ಸಭೆ ಸೇರೋಣ, ಮತ್ತೆ ಬರೆಯೋಣ.

ಹಿಂದೆ ಬೇರೆಯವರು ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಾವೇ ಓದ್ತೀವಿ. ನಾವೇ ಬರೀತೀವಿ.

ಚರ್ಚಿಸಿ
• ನಮ್ಮ ಊರಿಗೆ ಬಂದ ಸಹಾಯದಲ್ಲಿ ಯಾವುದು ಉಪಯೋಗವಾಯಿತು? ಯಾವುದು ಆಗಲಿಲ್ಲ? ಯಾಕೆ?

ಬರೆಯಿರಿ
• ಈ ವರ್ಷ ನಮ್ಮ ಊರಿಗೆ ಮೊದಲು ಬೇಕಾದದ್ದು ______________.